ಎರಡು ಎಣಿಸೋದ್ರೊಳಗೆ ಠುಸ್

ನನ್ನ ಕಿವಿ ಬಗ್ಗೆ ಮೊದಲೇ ಹೇಳಿಬಿಡ್ತೀನಿ. ಪೂರ್ತಿ ಕತೆ ಕೇಳಿದ್ಮೇಲೆ ಹೇಳಿದ್ರೆ ನೀವು ನಂಬಲ್ಲ.

ಮೂವತ್ತೊಂದು ವರ್ಷದಿಂದ ಗ್ಯಾರೇಜ್ ಇಟ್ಟಿದ್ದೀನಿ. ಬಾನೆಟ್ ಎತ್ತೋಕೆ ಮುಂಚೆನೇ ಕಾಯಿಲೆ ಹೇಳ್ತೀನಿ. ಪಕ್ಕದ ಬೀದೀಲಿ ಲಾರಿ ಕೆಮ್ಮಿದ್ರೆ, ಕೆಮ್ಮಿದ್ದು ಎಷ್ಟನೇ ಸಿಲಿಂಡರ್ ಅಂತ ಹಾಸಿಗೇಲಿ ಮಲಗಿಕೊಂಡೇ ಹೇಳಬಲ್ಲೆ. ಒಂದ್ಸಲ ಒಬ್ಬ ಗಿರಾಕಿ ಫೋನ್ ಮಾಡಿ "ಅಣ್ಣಾ, ನನ್ನ ಕಾರು..." ಅಂದಿದ್ದಷ್ಟೇ. ಹಿಂದೆ ಓಡ್ತಿದ್ದ ಸದ್ದು ಕೇಳಿ "ಬೇರಿಂಗ್ ಹೋಗಿದೆ" ಅಂದೆ, ಫೋನ್ ಇಟ್ಟೆ. ಆಮೇಲೆ ಗೊತ್ತಾಯ್ತು, ಅದು ಅವನ ಹೆಂಡತಿ ಮಿಕ್ಸಿ ಸದ್ದು ಅಂತ. ಆದ್ರೆ ಕೇಳಿ, ಆ ಮಿಕ್ಸಿದು ಬೇರಿಂಗೇ ಹೋಗಿತ್ತು!

ಅದಕ್ಕೇ ಜನ ನನ್ನನ್ನ ಕಿವಿ ಡಾಕ್ಟರು ಅಂತ ಕರೀತಾರೆ. ನನ್ನ ಹೆಂಡತಿ ಮಾತ್ರ, "ಅಷ್ಟು ಒಳ್ಳೆ ಕಿವಿಗೆ ನಾನು ಮೂರು ಸಲ ಕರೆದಿದ್ದು ಹೇಗೆ ಬೀಳಲ್ವೋ" ಅಂತಾಳೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ.

ಈಗ ನಮ್ಮತ್ತೆ ವಿಷಯಕ್ಕೆ ಬರ್ತೀನಿ. ನಮ್ಮತ್ತೆ ಪರದೆ ಹೊಲೀತಾರೆ. ಕಿಟಕಿ ಪರದೆ, ಬಾಗಿಲ ಪರದೆ. ಅರವತ್ತೆರಡು ವಯಸ್ಸು, ಒಂದು ಹಿಡಿ ಆಳು, ಕುತ್ತಿಗೇಲಿ ಸದಾ ಅಳತೆ ಟೇಪು. ನಮ್ಮ ಜೊತೇಲೇ ಇರೋದು. ಹೊಲಿದಿದ್ದನ್ನ ಗಿರಾಕಿ ಮನೆಗೆ ಮುಟ್ಟಿಸೋ ಕೆಲಸ ನಂದು. ಮುಟ್ಟಿಸ್ತೀನಿ. ಆದ್ರೆ ಹೊತ್ತಿಗೆ ಸರಿಯಾಗಿ ಅಂತ ನಾನು ಯಾವತ್ತೂ ಮಾತು ಕೊಟ್ಟಿಲ್ಲ. ಹೋದ ವರ್ಷ ಅವರನ್ನ ಹನ್ನೊಂದು ಪರದೆ ಸಮೇತ ಒಬ್ಬರ ಗೇಟ್ ಮುಂದೆ ಇಳಿಸಿ, "ಈಗ ಬಂದೆ ಅತ್ತೇ" ಅಂತ ಹೋದೋನು ನಾಲ್ಕು ಗಂಟೆ ಬಿಟ್ಟು ಬಂದೆ. ಮನೇಲಿ ಯಾರೂ ಇರಲಿಲ್ವಂತೆ. ಅತ್ತೆ ಹನ್ನೊಂದು ಪರದೇನೂ ತೋಳ ಮೇಲೆ ಹಾಕ್ಕೊಂಡು, ಬಿಸಿಲಲ್ಲಿ ಒಂದು ಕಿಟಕಿ ಹಾಗೆ ನಿಂತಿದ್ರು. ನನ್ನನ್ನ ಬೈಲಿಲ್ಲ. ಕಾರು ಹತ್ತಿ, "ಅಳಿಯಂದ್ರೇ, ಕಾರು ಓಡಿಸೋದು ಕಷ್ಟಾನಾ?" ಅಂತ ಕೇಳಿದ್ರು ಅಷ್ಟೇ.

"ನಿಮಗಾ?" ಅಂತ ನಕ್ಕೆ.

ಆ ನಗು ನನಗೆ ದುಬಾರಿ ಬಿತ್ತು. ಮಾರನೇ ದಿನದಿಂದಲೇ ಮಗಳ ಹತ್ರ, ಅಂದ್ರೆ ನನ್ನ ಹೆಂಡತಿ ಹತ್ರ, ಡ್ರೈವಿಂಗ್ ಕಲಿಯೋಕೆ ಶುರು ಮಾಡಿದ್ರು. ಅಷ್ಟರಲ್ಲಿ ಊರಾಚೆ ಹೊಸ ಹೋಟೆಲ್ ಎದ್ದಿತು. ನಲವತ್ತಾರು ಕಿಟಕಿ. ಹೋಟೆಲ್‌ನವರು ಅತ್ತೆಗೆ ಹೇಳಿದ್ರಂತೆ, "ಅಮ್ಮಾ, ನಿಮ್ಮ ಕೈಕೆಲಸ ನಮಗೆ ಇಷ್ಟ. ಆದ್ರೆ ತಿಂಗಳುಗಟ್ಟಲೆ ನೀವೇ ಗಾಡೀಲಿ ಬಂದು ಹೋಗಬೇಕು. ಅಳಿಯ ಕರ್ಕೊಂಡು ಬರ್ತಾನೆ ಅನ್ನೋ ಹಾಗಿದ್ರೆ ಬೇರೆಯವರಿಗೆ ಕೊಡ್ತೀವಿ." ನನ್ನ ಕೀರ್ತಿ ಅಲ್ಲೀವರೆಗೂ ಹೋಗಿತ್ತು ನೋಡಿ.

ಡ್ರೈವಿಂಗ್ ಪರೀಕ್ಷೆ ಗುರುವಾರ ಅಂತ ಗೊತ್ತಾಯ್ತು. ನನ್ನ ಹೆಂಡತಿ ಕಾರು ಸೆಕೆಂಡ್ ಹ್ಯಾಂಡ್, ಬಂದಾಗಿಂದ ಒಂದೇ ಕೀ. ಆ ಕೀ ಅವಳ ಗೊಂಚಲಲ್ಲಿರುತ್ತೆ, ಮನೆ ಕೀ, ಬೇಕರಿ ಕೀ ಜೊತೆ. ಅವಳು ಬೇಕರಿ ನಡೆಸ್ತಾಳೆ, ಹತ್ತು ಗಂಟೆಗೆ ಬಾಗಿಲು ತೆಗೀಲೇಬೇಕು. ಇರೋದೊಂದೇ ಕೀ, ಬಿಚ್ಚಿ ಕೊಟ್ರೆ ನಾನು ಕಳೆದುಬಿಡ್ತೀನಿ ಅಂತ ಅವಳಿಗೆ ಭಯ. ಹಾಗಾಗಿ ಪರೀಕ್ಷೆ ದಿನ ನಮ್ಮ ಕೈಗೆ ಇನ್ನೊಂದು ಕೀ ಬೇಕು.

"ಕೀ ಅಂಗಡೀಲಿ ಮಾಡಿಸ್ರೀ," ಅಂದ್ಲು.

"ನಾನಿರುವಾಗ ಕೀ ಅಂಗಡಿ ಯಾಕೆ?" ಅಂದೆ.

ಭಾನುವಾರ ಒಂದು ಸ್ಟೀಲ್ ತುಂಡು ತಗೊಂಡು, ವೈಸ್‌ಗೆ ಸಿಕ್ಕಿಸಿ, ಅರ ಹಿಡಿದು ಉಜ್ಜಿದೆ ನೋಡಿ. ನಲವತ್ತು ನಿಮಿಷ! ಹಲ್ಲು ಅಂದ್ರೆ ಹಲ್ಲು, ಮುತ್ತು ಪೋಣಿಸಿದ ಹಾಗೆ. ಹಳೇ ಕೀಗೆ ತಲೆ ಕಪ್ಪಗೆ, ದಪ್ಪಗೆ, ಪ್ಲಾಸ್ಟಿಕ್ಕು. ನಂದು ತೆಳ್ಳಗೆ, ಬೆಳ್ಳಗೆ ಹೊಳೆಯುತ್ತೆ. ಕಾರಿನ ಬಾಗಿಲಿಗೆ ಹಾಕಿದೆ, ತೆಗೀತು. ಒಳಗೆ ಹಾಕಿ ತಿರುಗಿಸಿದೆ, ಗುರ್ ಅಂತು. ಗುರ್ ಅಂದಿದ್ದೇ ಆಫ್ ಮಾಡಿದೆ. ಸುಮ್ನೆ ಪೆಟ್ರೋಲ್ ಯಾಕೆ ಸುಡೋದು? ಒಂದು ಅನ್ನೋಷ್ಟು ಹೊತ್ತೂ ಓಡಿಸಲಿಲ್ಲ. ಇದನ್ನ ನೆನಪಿಟ್ಕೊಳ್ಳಿ. ನಾನಂತೂ ಇಟ್ಕೊಳ್ಳಲಿಲ್ಲ.

ಗುರುವಾರ ಹೆಂಡತಿ ನಮ್ಮಿಬ್ಬರನ್ನ ಪರೀಕ್ಷೆ ಮೈದಾನದಲ್ಲಿ ಬಿಟ್ಟು, ತನ್ನ ಗೊಂಚಲು ತಗೊಂಡು, ಬಸ್ ಹಿಡಿದು ಬೇಕರಿಗೆ ಹೋದ್ಲು. ಅತ್ತೆ ನನ್ನ ಕೀ ಹಿಡ್ಕೊಂಡು ಸ್ಟೀರಿಂಗ್ ಮುಂದೆ ಕೂತ್ರು, ಬೆನ್ನ ಹಿಂದೆ ಎರಡು ದಿಂಬು. ಪಕ್ಕದಲ್ಲಿ ಇನ್ಸ್‌ಪೆಕ್ಟರ್. ನಾನು, ಜನ ನಿಲ್ಲೋಕೆ ಕಟ್ಟಿದ್ದ ಹಗ್ಗದ ಈಚೆ.

"ಸ್ಟಾರ್ಟ್ ಮಾಡಿ ಅಮ್ಮಾ."

ಗುರ್. ಒಂದು. ಎರಡು. ಠುಸ್!

"ಕ್ಲಚ್ ಮೇಲೆ ಕಾಲಿರಲಿ."

"ಇದೆಯಪ್ಪಾ."

ಗುರ್. ಒಂದು. ಎರಡು. ಠುಸ್!

"ಅತ್ತೇ, ಕ್ಲಚ್ಚು! ಕ್ಲಚ್ಚು!" ಅಂತ ನಾನು ಹಗ್ಗದ ಮೇಲಿಂದ ಬಗ್ಗಿ ಕೂಗಿದೆ. ಸಾಲಲ್ಲಿ ನಿಂತವರೆಲ್ಲ ನಕ್ಕರು. ಮೂರನೇ ಸಲವೂ ಅದೇ. ಇನ್ಸ್‌ಪೆಕ್ಟರ್ ಕಾಗದದ ಮೇಲೆ ಏನೋ ಬರೆದು, "ಕಾಲಿಗೆ ಇನ್ನೂ ಅಭ್ಯಾಸ ಆಗಿಲ್ಲ ಅಮ್ಮಾ. ಮುಂದಿನ ಗುರುವಾರ ಇನ್ನೊಂದು ಸಲ ಬನ್ನಿ. ಅವತ್ತೂ ಹೀಗಾದ್ರೆ ಆರು ತಿಂಗಳು ಕಾಯಬೇಕಾಗುತ್ತೆ" ಅಂದ್ರು. ಹೋಟೆಲ್‌ನವರು ಅಳತೆಗೆ ಬರೋಕೆ ಹೇಳಿದ್ದೂ ಮುಂದಿನ ಗುರುವಾರ ಮಧ್ಯಾಹ್ನವೇ. ಆರು ತಿಂಗಳು ಪರದೆ ಇಲ್ಲದೆ ಯಾವ ಹೋಟೆಲ್ ಕಾಯುತ್ತೆ?

ಅತ್ತೆ ಕೆಳಗಿಳಿದ್ರು. ಮುಖ ಸಣ್ಣಗಾಗಿತ್ತು.

"ವಯಸ್ಸಾಯ್ತಲ್ಲ ಅತ್ತೇ, ಕಾಲು ನಡುಗುತ್ತೆ," ಅಂತ ಸಮಾಧಾನ ಮಾಡಿದೆ.

"ಮೂವತ್ತೈದು ವರ್ಷ ಹೊಲಿಗೆ ಮಿಷನ್ ತುಳಿದ ಕಾಲು ಇದು. ನಡುಗಲ್ಲ."

ನಾನು ನಕ್ಕು ಒಳಗೆ ಕೂತೆ, ಹೇಗೆ ಮಾಡಬೇಕು ಅಂತ ತೋರಿಸೋಣ ಅಂತ. ಕೀ ತಿರುಗಿಸಿದೆ. ಗುರ್. ಒಂದು. ಎರಡು. ಠುಸ್.

ಅತ್ತೆ ಕಿಟಕಿ ಹತ್ರ ಬಗ್ಗಿದ್ರು. "ನಿಮ್ಮ ಕಾಲೂ ನಡುಗ್ತಾ ಅಳಿಯಂದ್ರೇ?"

ತರಕಾರಿ ವ್ಯಾನಿನ ಹಿಂದೆ ಹಗ್ಗ ಕಟ್ಟಿ ಕಾರನ್ನ ಗ್ಯಾರೇಜಿಗೆ ಎಳೆಸಿದೆ. ಮರ್ಯಾದೆ ಪ್ರಶ್ನೆ. ಸ್ಟಾರ್ಟ್ ಆಗಿ ನಿಲ್ಲುತ್ತೆ ಅಂದ್ರೆ ಏನು? ಚಿಕ್ಕ ಮಗೂಗೂ ಗೊತ್ತು: ಪೆಟ್ರೋಲ್ ಸಾಲದು, ಇಲ್ಲಾ ಗಾಳಿ ಸಾಲದು, ಇಲ್ಲಾ ಕಿಡಿ ಸಾಲದು. ಇಂಜಿನ್ನಿಗೆ ಇನ್ನೇನು ಬೇಕು, ಬೀಡಾನಾ? ಮೊದಲನೇ ದಿನ ಪೆಟ್ರೋಲ್ ಫಿಲ್ಟರ್ ಬದಲಾಯಿಸಿದೆ. ಸಂಜೆ ಹೆಂಡತಿ ಬೇಕರಿ ಮುಚ್ಚಿ ನಡ್ಕೊಂಡು ಬಂದ್ಲು, ಕೂತ್ಲು, ತನ್ನ ಕೀ ತಿರುಗಿಸಿದ್ಲು. ಬೆಣ್ಣೆ ಹಾಗೆ ಓಡ್ತು!

"ನೋಡ್ದಾ? ಫಿಲ್ಟರ್ರು. ಸದ್ದಲ್ಲೇ ಗೊತ್ತಾಯ್ತು," ಅಂದೆ.

ಶುಕ್ರವಾರ ಬೆಳಿಗ್ಗೆ ಅವಳೇ ಗ್ಯಾರೇಜ್ ತನಕ ಓಡಿಸ್ಕೊಂಡು ಬಂದು, ಕಾರು ಬಿಟ್ಟು ಹೋದ್ಲು. ಎದುರುಗಡೆ ಟೀ ಅಂಗಡಿಯವನನ್ನ ಕರೆದು, "ಬಾ, ಹೇಗೆ ರಿಪೇರಿ ಮಾಡಿದ್ದೀನಿ ತೋರಿಸ್ತೀನಿ" ಅಂತ ನನ್ನ ಕೀ ಹಾಕಿದೆ. ಒಂದು. ಎರಡು. ಠುಸ್.

"ಅದೂ ಒಂಥರಾ ರಿಪೇರಿನೇ," ಅಂದ ಅವನು. "ಆಫ್ ಮಾಡೋ ಕಷ್ಟ ಇಲ್ಲ."

ಹೀಗೇ ನಡೀತು. ಶುಕ್ರವಾರ ಗಾಳಿ ಹೋಗೋ ಬಾಯಿ ಬಿಚ್ಚಿ ಮಸಿ ಕೆರೆದೆ. ಸಂಜೆ ಹೆಂಡತಿ ಬಂದ್ಲು, ಬೆಣ್ಣೆ. "ಮಸಿ ಕಣೇ, ಮಸಿ!" ಅಂದೆ. ಶನಿವಾರ ಬೆಳಿಗ್ಗೆ ಠುಸ್. ರಬ್ಬರ್ ಪೈಪೆಲ್ಲ ಹೊಸದು ಹಾಕಿದೆ, ಸಂಜೆ ಬೆಣ್ಣೆ. "ಪೈಪು!" ಅಂದೆ. ಸೋಮವಾರ ಠುಸ್. ಅವತ್ತು ಪಂಪಿಗೆ ಬ್ಯಾಟರಿಯಿಂದ ನೇರ ತಂತಿ ಕೊಟ್ಟು, ಪೆಟ್ರೋಲ್ ಟ್ಯಾಂಕಿನ ಕೆಳಗೆ ಮಲಗಿ, ನನ್ನ ಲೋಕಪ್ರಸಿದ್ಧ ಕಿವೀನ ಟ್ಯಾಂಕಿಗೆ ಒತ್ತಿ, ಪಂಪು ಹಾಡುತ್ತಾ ಅಂತ ಕೇಳಿದೆ. ಹಾಡ್ತಿತ್ತು. ಎಷ್ಟು ಇಂಪಾಗಿ ಹಾಡ್ತು ಅಂದ್ರೆ ನಿದ್ದೆ ಬಂತು. ಸಂಜೆ ಹೆಂಡತಿ ಕಾಲು ಹಿಡಿದು ಎಳೆದಾಗಲೇ ಎಚ್ಚರ. ಅವಳು ಕೂತ್ಲು, ಬೆಣ್ಣೆ.

"ರೀ, ಇದಕ್ಕೆ ನಾನು ಅಂದ್ರೆ ಇಷ್ಟ, ನೀವು ಅಂದ್ರೆ ಆಗಲ್ಲ, ಅಷ್ಟೇ," ಅಂತ ನಗ್ತಾ ಹೇಳಿದ್ಲು.

ಅವಳು ತಮಾಷೆಗೆ ಅಂದಿದ್ದು. ನಾನು ರಾತ್ರಿಯೆಲ್ಲ ಅದನ್ನೇ ಮೆಲುಕು ಹಾಕಿದೆ. ಅವಳದು ಐವತ್ತೈದು ಕೇಜಿ, ನಂದು ತೊಂಬತ್ತೆರಡು. ಸೀಟ್ ಕೆಳಗೆ ಯಾವುದಾದ್ರೂ ವೈರು ನನ್ನ ಭಾರಕ್ಕೆ ಒತ್ತಿ ಹೋಗ್ತಿರಬಹುದಲ್ಲ? ಆದ್ರೆ ಅತ್ತೆ ನಲವತ್ತು ಕೇಜಿನೂ ಇಲ್ಲ, ಅವರಿಗೂ ನಿಂತಿತ್ತು. ಹಾಗಾದ್ರೆ ಭಾರ ಅಲ್ಲ. ಇನ್ನೇನು? ಮೈಯಲ್ಲಿ ಕರೆಂಟ್! ಅವಳು ಸದಾ ಹೊದೆಯೋ ಉಣ್ಣೆ ಶಾಲಿಂದ ಕರೆಂಟ್ ಹುಟ್ಟಿ ಕಾರಿಗೆ ಹೋಗುತ್ತೆ!

ನಗಬೇಡಿ. ಐದು ದಿನ ಬಾನೆಟ್ಟಲ್ಲಿ ತಲೆ ಇಟ್ಟಿದ್ರೆ ನಿಮಗೂ ಹೀಗೇ ಹೊಳೆಯುತ್ತೆ.

ಮಂಗಳವಾರ ಅವಳ ಹಳೇ ಶಾಲು ತಂದು, ತಲೆ ತುಂಬ ಹೊದ್ದು, ಅವಳು ಕೂರೋ ಹಾಗೇ ಸ್ವಲ್ಪ ಮುಂದೆ ಬಗ್ಗಿ ಕೂತು ಕೀ ತಿರುಗಿಸಿದೆ. ಠುಸ್. ಅವಳು ಕಾರಿಗೆ "ಬಾರಪ್ಪಾ" ಅಂತಾಳೆ, ಅದೂ ಇರಲಿ ಅಂತ ಸಣ್ಣ ದನೀಲಿ "ಬಾರಪ್ಪಾ" ಅಂದೆ. ಠುಸ್. ಅಷ್ಟರಲ್ಲಿ ಹಿಂದಿನಿಂದ ಪೋಸ್ಟ್‌ಮನ್, "ಅಕ್ಕಾ, ಇಲ್ಲೊಂದು ಸಹಿ" ಅಂತ ಕಿಟಕೀಲಿ ಕೈ ಚಾಚಿದ. ನಾನು ತಿರುಗಿದೆ. ನನ್ನ ಮೀಸೆ ನೋಡಿದ. ಸಹಿ ಹಾಕಿಸ್ಕೊಂಡು ಹೋದ. ಸಂಜೆ ಹೊತ್ತಿಗೆ ಬೀದಿಗೆಲ್ಲ ಗೊತ್ತಿತ್ತು.

ಬುಧವಾರ ಮಧ್ಯಾಹ್ನ ಅತ್ತೆ ಗ್ಯಾರೇಜಿಗೆ ಬಂದ್ರು, ಜೊತೆಗೆ ಮಗಳು. ಕೈಯಲ್ಲಿ ಬಟ್ಟೆ ಮೇಲೆ ಗೀಚೋ ಸೀಮೆಸುಣ್ಣದ ಬಿಲ್ಲೆ.

"ನಾಳೆ ಹತ್ತು ಗಂಟೆಗೆ ಪರೀಕ್ಷೆ ಅಳಿಯಂದ್ರೇ. ಕಾರು ಏನಂತು?"

"ಇವತ್ತು ಕಂಡುಹಿಡಿದೇ ಹಿಡೀತೀನಿ. ಇಂಜಿನ್ ಪೂರ್ತಿ ಕೆಳಗಿಳಿಸಿಬಿಡ್ತೀನಿ."

"ಇಳಿಸಿದ್ರೆ ನಾಳೆ ನಾನು ಏನು ಓಡಿಸ್ಲಿ, ಬರೀ ಸೀಟಾ?" ಅಂದ್ರು. ಆಮೇಲೆ ಮೆತ್ತಗೆ, "ನಾನೊಂದು ಕೇಳ್ಲಾ? ನಿಮ್ಮಷ್ಟು ತಿಳಿದೋಳಲ್ಲ" ಅಂದ್ರು.

"ಕೇಳಿ ಕೇಳಿ," ಅಂದೆ, ದೊಡ್ಡ ಮನಸ್ಸು ಮಾಡಿ.

"ನನ್ನ ಮಿಷನ್‌ಗೆ ಹುಷಾರಿಲ್ಲ ಅಂದ್ರೆ ಅದು ಒಂದ್ಸಲ ನಾಲ್ಕು ಹೊಲಿಗೆಗೆ ನಿಲ್ಲುತ್ತೆ, ಒಂದ್ಸಲ ನಲವತ್ತಕ್ಕೆ. ಕಾಯಿಲೆ ಬಿದ್ದೋರಿಗೆ ಲೆಕ್ಕ ಇರಲ್ಲ. ಇದು ಯಾವಾಗ ನೋಡಿದ್ರೂ ಎರಡಕ್ಕೇ ನಿಲ್ಲುತ್ತೆ. ಮೂರಿಲ್ಲ, ಒಂದೂವರೆ ಇಲ್ಲ. ಇದು ಸುಸ್ತಾಗಿ ಬೀಳ್ತಿಲ್ಲ ಅಳಿಯಂದ್ರೇ. ಯಾರೋ ಬೇಕಂತ ನಿಲ್ಲಿಸ್ತಿದ್ದಾರೆ."

ಮೂವತ್ತೊಂದು ವರ್ಷದ ಅನುಭವ ಇರೋ ನಾನು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಆದ್ರೂ, "ಹಾಗೆಲ್ಲ ಇರಲ್ಲ ಅತ್ತೇ" ಅಂದೆ.

ಅತ್ತೆ ಎಣ್ಣೆ ಹಿಡಿದ ಕಪ್ಪು ನೆಲದ ಮೇಲೆ ಕೂತು ಗೆರೆ ಎಳೆದ್ರು. ಈ ಕಡೆ ಓಡಿದ್ದು, ಆ ಕಡೆ ನಿಂತಿದ್ದು. "ದಾರ ಹರೀತಾ ಇದ್ರೆ ಸೂಜಿ, ದಾರ, ಬಾಬಿನ್ ಎಲ್ಲಾ ಒಟ್ಟಿಗೆ ಬದಲಾಯಿಸಬಾರದು. ಒಂದು ಬದಲಾಯಿಸು, ಹೊಲಿದು ನೋಡು. ಇನ್ನೊಂದು ಬದಲಾಯಿಸು, ಹೊಲಿದು ನೋಡು. ಮಗಾ, ನೀನು ಕೂತ್ಕೋ."

ಹೆಂಡತಿ ಕೂತ್ಲು, ಸ್ಟಾರ್ಟ್ ಮಾಡಿದ್ಲು. ಬೆಣ್ಣೆ. ಅತ್ತೆ ಈ ಕಡೆ ಒಂದು ಗೀಟು ಹಾಕಿದ್ರು.

"ಈಗ ಆಫ್ ಮಾಡಿ, ಕೀ ಅಲ್ಲೇ ಬಿಟ್ಟು ಇಳಿ. ಅಳಿಯಂದ್ರೇ, ನೀವು ಕೂತ್ಕೊಳ್ಳಿ. ಆ ಶಾಲು ಬೇಡ."

ಶಾಲಿನ ಸುದ್ದಿ ಅವರಿಗೂ ಮುಟ್ಟಿತ್ತು. ಕೂತೆ. ತಿರುಗಿಸಿದೆ. ಒಂದು, ಎರಡು, ಮೂರು, ಹತ್ತು, ಇಪ್ಪತ್ತು... ಓಡ್ತಾನೇ ಇದೆ!

"ವಾಸಿಯಾಯ್ತು!" ಅಂತ ಕುಣಿದುಬಿಟ್ಟೆ. "ನಾನು ಹೇಳಲಿಲ್ವಾ? ಶನಿವಾರದ ಪೈಪು! ಅದು ಮೈಗೆ ಹೊಂದಿಕೊಳ್ಳೋಕೆ ನಾಲ್ಕು ದಿನ ಬೇಕು!"

ಅತ್ತೆ ತಲೆ ಎತ್ತಲೇ ಇಲ್ಲ. ಇನ್ನೊಂದು ಗೀಟು ಹಾಕಿದ್ರು. "ಇಳೀರಿ. ಮಗಾ, ಈಗ ನೀನೇ ಕೂತ್ಕೋ. ಆದ್ರೆ ನಿಂದಲ್ಲ, ಇವರು ಮಾಡಿರೋ ಕೀ ಹಾಕು."

"ಕೀಗೂ ಇದಕ್ಕೂ ಏನತ್ತೇ ಸಂಬಂಧ?" ಅಂದೆ. "ಕೀ ತಿರುಗ್ತು, ಇಂಜಿನ್ ಸ್ಟಾರ್ಟ್ ಆಯ್ತು, ಅಲ್ಲಿಗೆ ಕೀ ಕೆಲಸ ಮುಗೀತು. ಬಾಗಿಲು ತೆಗೆದ ಮೇಲೆ ಬಾಗಿಲು ತಟ್ಟಿದವನ ಕೆಲಸ ಏನಿದೆ?"

"ಇರಲಿ, ಹಾಕಲಿ."

ನನ್ನ ಹೆಂಡತಿ, ಆ ಕಾರಿಗೆ ಪ್ರಾಣ ಆಗಿರೋ ನನ್ನ ಹೆಂಡತಿ, ನನ್ನ ಬೆಳ್ಳಗಿನ ಕೀ ತಿರುಗಿಸಿದ್ಲು. ಗುರ್. ಒಂದು. ಎರಡು.

ಠುಸ್.

ನನ್ನ ಈ ಕಿವಿಗೆ ಸೀಮೆಸುಣ್ಣ ನೆಲಕ್ಕೆ ತಾಕಿದ ಸದ್ದೂ ಕೇಳಿಸ್ತು. ಅತ್ತೆ ಆ ಕಡೆ ಒಂದೇ ಒಂದು ಗೀಟು ಹಾಕಿದ್ರು. ಆಮೇಲೆ ಎದ್ದು ಒಳಗೆ ಬಗ್ಗಿ ನೋಡಿ, "ಈ ಕಪ್ಪು ಪಟ್ಟಿ ಏನು?" ಅಂದ್ರು.

ಸ್ಪೀಡೋಮೀಟರ್ ಪಕ್ಕ ನಾನೇ ಅಂಟಿಸಿದ್ದ ಟೇಪು. "ಅದಾ? ಅಲ್ಲೊಂದು ಕೆಂಪು ದೀಪ ಇದೆ. ಕಾರು ನಿಲ್ಲಿಸಿದ್ರೆ ಮಿಣುಕ್ ಮಿಣುಕ್ ಅಂತ ಕಣ್ಣು ಹೊಡೀತಿತ್ತು. ಯಾರದೋ ಕಾರಲ್ಲಿ ಕೂತ ಹಾಗನ್ನಿಸೋದು, ಮುಚ್ಚಿಬಿಟ್ಟೆ."

ಅತ್ತೆ ದಾರ ಕತ್ತರಿಸೋ ಪುಟ್ಟ ಕತ್ತರಿ ತುದಿಯಿಂದ ಪಟ್ಟಿ ಎಬ್ಬಿಸಿದ್ರು. ನನ್ನ ಕೀ ಇನ್ನೂ ಒಳಗೇ ಇತ್ತು. ದೀಪ ಬಡ್ಕೋತಾ ಇತ್ತು! ಮನೆಗೆ ಕಳ್ಳ ನುಗ್ಗಿದಾಗ ಬಡ್ಕೊಳ್ಳೋ ಹಾಗೆ. ಅದರ ಮೇಲೆ ಚಿತ್ರ: ಒಂದು ಪುಟಾಣಿ ಕಾರು, ಅದರ ಹೊಟ್ಟೇಲಿ ಒಂದು ಬೀಗ. ಓದು ಬರದವರಿಗೂ ಗೊತ್ತಾಗಲಿ ಅಂತಲೇ ಬರೆದಿಟ್ಟಿದ್ರು, ನನ್ನಂಥವರಿಗೆ.

ಆಗ ಅರ್ಥ ಆಯ್ತು. ಕಂಪನಿ ಕೀ ತಲೆ ದಪ್ಪ ಇರೋದು ಚೆಂದಕ್ಕಲ್ಲ. ಅದರೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತೆ. ಇಂಜಿನ್ ಎದ್ದ ಕೂಡಲೇ ಕಾರು "ಯಾರದು?" ಅಂತ ಕೇಳುತ್ತೆ, ಚಿಪ್ಪು "ಮನೆಯವರೇ" ಅನ್ನುತ್ತೆ. ಉತ್ತರ ಬರಲಿಲ್ಲ ಅಂದ್ರೆ ಎರಡು ಎಣಿಸಿ ಪೆಟ್ರೋಲ್ ನಿಲ್ಲಿಸಿಬಿಡುತ್ತೆ. ನನ್ನ ಕೀಗೆ ಮುತ್ತಿನಂಥ ಹಲ್ಲಿತ್ತು, ನಾಲಿಗೆ ಇರಲಿಲ್ಲ. ಈ ಚಿಪ್ಪಿನ ಸುದ್ದಿ ನಾನು ಕೇಳದೇ ಇದ್ದಿದ್ದೇನಲ್ಲ. ಆದ್ರೆ ನಾನು ಕೆಲಸ ಕಲಿತಿದ್ದು ತಂತಿ ತೂರಿಸಿದ್ರೂ ಓಡೋ ಕಾರುಗಳ ಮೇಲೆ. ಕೇಳಿದ್ದನ್ನೆಲ್ಲ ನಂಬೋ ಪೈಕಿ ಅಲ್ಲ ನಾನು, ಹೇಳೋ ಪೈಕಿ.

"ಆರು ದಿನ ಕಾರಿನ ಹೊಟ್ಟೆ ಕುಯ್ದ್ರಲ್ರೀ," ಅಂದ್ಲು ಹೆಂಡತಿ. "ಕಾಯಿಲೆ ನಿಮ್ಮ ಜೇಬಲ್ಲಿತ್ತು."

ಅವಳ ನಗು ತಡ್ಕೋಬಹುದಿತ್ತು. ಅತ್ತೆ ನಗಲಿಲ್ಲ, ಅದೇ ಕಷ್ಟ ಆಯ್ತು. ಮೈದಾನದಲ್ಲಿ ಅಷ್ಟು ಜನದ ಮುಂದೆ "ಕ್ಲಚ್ಚು ಕ್ಲಚ್ಚು" ಅಂತ ಕೂಗಿದ್ದು ನೆನಪಾಯ್ತು. ಆ ಹೆಂಗಸಿನ ಕಾಲು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು. ನಡುಗಿದ್ದು ನನ್ನ ಬುದ್ಧಿ.

"ಅತ್ತೇ..." ಅಂದೆ. ನಾನೂ ಎರಡಕ್ಕೇ ಠುಸ್.

"ನನಗೇನೂ ಹೇಳಬೇಡಿ," ಅಂದ್ರು. "ನಾಳೆ ಆ ಇನ್ಸ್‌ಪೆಕ್ಟರ್‌ಗೆ ಹೇಳಿ. ಅವತ್ತು ಕೂಗಿದ್ರಲ್ಲ, ಅಷ್ಟೇ ಗಟ್ಟಿಯಾಗಿ."

ಗುರುವಾರ ಹೆಂಡತಿ ಗೊಂಚಲಿಂದ ದಪ್ಪ ತಲೆ ಕೀ ಬಿಚ್ಚಿ ಅಮ್ಮನ ಕೈಲಿಟ್ಲು. ಮೈದಾನದಲ್ಲಿ ಅದೇ ಹಗ್ಗ, ಅದೇ ಸಾಲು. ಇನ್ಸ್‌ಪೆಕ್ಟರ್ ಅತ್ತೇನ ನೋಡಿ, "ಅಮ್ಮಾ, ಕಾಲು ಈಗ ಹೇಗಿದೆ?" ಅಂದ್ರು. ಅತ್ತೆ ನನ್ನ ಕಡೆ ನೋಡಿದ್ರು.

ಗಂಟಲು ಸರಿ ಮಾಡ್ಕೊಂಡೆ. "ಸಾರ್! ಹೋದ ವಾರ ನಿಂತಿದ್ದು ಇವರ ಕಾಲಿಂದಲ್ಲ! ಕೀ ತಪ್ಪು! ಕೀ ಮಾಡಿದ್ದು ನಾನು!"

"ನೀವು ಕಿವಿ ಡಾಕ್ಟರ್ ಅಲ್ವಾ?" ಅಂದ್ರು ಇನ್ಸ್‌ಪೆಕ್ಟರ್. "ನನ್ನ ಕಾರೂ ನಿಮ್ಮ ಹತ್ರ ತರೋಣ ಅಂತಿದ್ದೆ."

ಅಂತಿದ್ದೆ ಅಂದ್ರು. ಅಂತಿದ್ದೀನಿ ಅನ್ನಲಿಲ್ಲ.

ಅತ್ತೆ ದಿಂಬು ಸರಿ ಮಾಡ್ಕೊಂಡು ಕೀ ತಿರುಗಿಸಿದ್ರು. ಗುರ್. ಒಂದು. ಎರಡು. ಮೂರು. ನಾಲ್ಕು. ಕಾರು ಮೆಲ್ಲಗೆ ಹೊರಡ್ತು. ಕಂಬ ಸುತ್ತಿ, ಏರಲ್ಲಿ ನಿಂತು, ಒಂದು ಗೇಣೂ ಹಿಂದಕ್ಕೆ ಜಾರದೆ ಮತ್ತೆ ಎದ್ದು, ರಿವರ್ಸಲ್ಲಿ ಬಂದು ಎರಡು ಗೆರೆ ನಡುವೆ ನಿಲ್ತು. ಪರದೆ ಅಂಚು ಮಡಚಿದ ಹಾಗೆ, ಆ ಕಡೆ ಈ ಕಡೆ ಒಂದೇ ಅಳತೆ. ಇನ್ಸ್‌ಪೆಕ್ಟರ್ ಮುದ್ರೆ ಒತ್ತಿ ಚೀಟಿ ಕೊಟ್ರು.

ನಾನು ಓಡಿ ಹೋಗಿ ಮುಂದಿನ ಬಾಗಿಲಿಗೆ ಕೈ ಹಾಕಿದೆ. ಅತ್ತೆ ಕಿಟಕಿ ಗಾಜು ಇಳಿಸಿದ್ರು.

"ಹೋಟೆಲ್‌ಗೆ ಹೋಗಿ ಅಳತೆ ತಗೊಂಡು ಬರ್ತೀನಿ. ನೀವು ಇಲ್ಲೇ ಇರಿ ಅಳಿಯಂದ್ರೇ. ಈಗ ಬಂದೆ."

ನಾಲ್ಕು ಗಂಟೆ ಕಾದೆ. ಮರ ಇಲ್ಲ, ನೆರಳಿಲ್ಲ. ಬಸ್ ಹಿಡಿದು ಹೋಗಬಹುದಿತ್ತು, ಆದ್ರೆ ಯಾಕೋ ಕಾಲು ಏಳಲಿಲ್ಲ. ಕೊನೆಗೆ ಬಂದ್ರು. ಮುಂದಿನ ಸೀಟಲ್ಲಿ ಪರದೆ ಬಟ್ಟೆ ಸುರುಳಿಗಳು ನೆಟ್ಟಗೆ ಬೆಲ್ಟ್ ಹಾಕ್ಕೊಂಡು ಕೂತಿದ್ವು. "ಹಿಂದೆ ಹತ್ತಿ," ಅಂದ್ರು. "ನಲವತ್ತಾರೂ ನಂದೇ."

ನನ್ನ ಕೀ ಏನಾಯ್ತು ಅಂತೀರಾ? ಅತ್ತೆ ಕೇಳಿ ಇಸ್ಕೊಂಡ್ರು. ಪರದೆ ಹೊಲಿದು ಒಳಗಿಂದ ಹೊರಕ್ಕೆ ತಿರುಗಿಸುವಾಗ ಮೂಲೆ ಚೂಪಾಗಿ ಬರಲ್ಲ, ಏನಾದ್ರೂ ತೂರಿಸಿ ತಳ್ಳಬೇಕು. ಬಟ್ಟೆ ಹರಿಯಬಾರದು, ಮೂಲೆ ನಿಲ್ಲಬೇಕು. ಅದಕ್ಕೆ ನನ್ನ ಕೀ ಹೇಳಿ ಮಾಡಿಸಿದ ಹಾಗಿದೆಯಂತೆ. ಆ ಹೋಟೆಲ್‌ಗೆ ಯಾವಾಗಾದ್ರೂ ಹೋದ್ರೆ ಪರದೆ ಮೂಲೆ ಮುಟ್ಟಿ ನೋಡಿ. ನೂರ ಎಂಬತ್ತನಾಲ್ಕು ಮೂಲೆ, ಎಲ್ಲಾ ನನ್ನ ಕೈಕೆಲಸ.